ಗುಡ್ಡದ ಮ್ಯಾಲಿನ ಎಮ್ಮಿ

ನಗು, ನಗು... ಹೊಟ್ಟಿ ಹಿಡಕೊಂಡು ನಗು, ಶೋಭಾ! ಎಮ್ಮಿ ಅಂದ್ರ ಎಮ್ಮೀನೇ! ಅಷ್ಟು ದೊಡ್ಡ ಅನಂತಗಿರಿ ಗುಡ್ಡದಾಗ ಹುಲಿ ಅಲ್ಲ, ಕರಡಿ ಅಲ್ಲ, ಯಾರದೋ ಹಗ್ಗ ಹರಕೊಂಡು ಬಂದ ಎಮ್ಮಿ! ಬುಸ್ ಬುಸ್ ಅಂತ ಉಸಿರು ಬಿಟಗೋತ ನಮ್ಮ ಡೇರೆ ಹತ್ರ ನಿಂತಿತ್ತು. ಮಧುರಾ ಬಂದು ಬೆಳಕು ಬಿಟ್ಟು ನೋಡಿದ ಮ್ಯಾಲ ಎಲ್ಲಾರೂ ನಿನ್ನ ಹಂಗೇ ನಕ್ಕರು.

ಮಧುರಾ ಗೊತ್ತಿಲ್ಲೇನು? ಬೇಗಂಪೇಟಿಯೊಳಗ ನಾ ನಡಸೋ ಹಾಸ್ಟೆಲಿನ್ಯಾಗ ಇರ್ತಾಳಲ್ಲ, ಮೈಸೂರಿನಾಕಿ, ಕಂಪ್ಯೂಟರ್ ಕಂಪನಿ ಕೆಲಸ. ವಾರೆಲ್ಲಾ ಕುರ್ಚಿ ಮ್ಯಾಲ ಕುಂತು, ಶನಿವಾರ ಆತಂದ್ರ ಬೆನ್ನಿಗೆ ಚೀಲ ಹಾಕ್ಕೊಂಡು ಗುಡ್ಡ ಹತ್ತೋ ಹುಚ್ಚು ಈ ಹುಡುಗ್ಯಾರಿಗೆ. ನಿನ್ನ ಮಕ್ಕಳನ್ನೂ, ನನ್ನ ತಮ್ಮನ ಮಕ್ಕಳಲ್ಲೇನು ಅವು, ಕರಕೊಂಡು ನಾನೂ ಬರ್ತೀನಿ ಅಂದೆ. ಈ ಕುಷಾಯಿಗೂಡದ ಮನ್ಯಾಗ ಟೀವಿ ಮುಂದ ಕುಂತು ಬೆಳದ್ರ ಏನಾಗಬೇಕು ಅವು? ...ಹೌದು, ನೀ ಬ್ಯಾಡ ಅಂದಿದ್ದಿ. ನಾ ಕೇಳಲಿಲ್ಲ. ನಾ ಯಾವಾಗ ಯಾರ ಮಾತು ಕೇಳೀನಿ? ಅಬಿಡ್ಸ್ ಫುಟ್‌ಪಾತಿನ್ಯಾಗ ಹಳೇ ಇಂಗ್ಲಿಷ್ ಪುಸ್ತಕ ಕೊಂಡು, ಡಿಕ್ಷನರಿ ಮುಂದಿಟ್ಟುಕೊಂಡು, ಡೇರೆ ಹಾಕೋದು ಓದಿ ಕಲತಾಕಿ ನಾ!

ಸುಮಂತ ಭಾಳ ಶ್ಯಾಣ್ಯಾ. ಮ್ಯಾಲ ಹತ್ತೋ ತನಕಾ ಚೀಲ ಕೆಳಗಿಡಲಿಲ್ಲ. ವರ್ಷಾನೂ... ವರ್ಷಾನೂ ಚಲೋ ನಡದಳು. ಎಂಟು ವರ್ಷದ ಕೂಸು, ತನ್ನ ಚಾದರ, ತನ್ನ ನೀರು, ತನ್ನ ಚಪಾತಿ ಡಬ್ಬಿ! "ಅತ್ತೀ, ನನ್ನ ಮನಿ ನನ್ನ ಬೆನ್ನ ಮ್ಯಾಲೈತಿ" ಅಂದಳು...

ಯಾಕ? ನಗೋದು ಯಾಕ ನಿಲ್ಲಿಸಿದಿ?

ಏನು ತೋರಸಾಕತ್ತಿ? ಅಲ್ಲಿ, ಮಕ್ಕಳು ಮಲಗೋ ಕೋಣಿ ಬಾಗಲ ಸಂದಿನ್ಯಾಗ... ಚಪ್ಪಲಿ? ಮಲಗೋ ಮುಂದ ವರ್ಷಾನೇ ಇಟ್ಟಳೇನು? ಬಾಗಲ ಮುಚ್ಚಬಾರದು ಅಂತ? ...ನಿನ್ನಿನೂ? ಬಚ್ಚಲಕ್ಕ ಹೋದ್ರೂ?

ಮಕ್ಕಳು, ಶೋಭಾ. ನಾಕ ದಿನಕ್ಕ ಮರೀತಾವ. ನೀನೇ ಅಕಿನ್ನ ಅಂಜುಬುರಕಿ ಮಾಡಿಟ್ಟಿ... ಹಂಗ ನೋಡಬ್ಯಾಡ. ಹೇಳಿದೆನಲ್ಲ, ರಾತ್ರಿ ಒಂದಕ್ಕ ಅಂತ ಒಬ್ಬಾಕೀನೇ ಎದ್ದು ಹೋದಳು. ನನಗ ಹೇಳಲಿಲ್ಲ. ಮಧುರಾ ಬಂದು ನೋಡಿದಾಗ ಅಕಿ ಹೊರಗ, ನಾ ಒಳಗ. ಎಲ್ಲಾರ ಮುಂದೂ ಬೈದೆ ನಾ, "ಹೇಳಿ ಹೋಗಾಕ ಏನಾಗಿತ್ತು ನಿನಗ?" ಅಂತ. ಅಕಿನೂ ಹೂಂ ಅಂದಳು. "ತಪ್ಪಾತು ಅತ್ತೀ" ಅಂದಳು. ದೂರೇನೂ ಹೋಗಿರಲಿಲ್ಲ ಬಿಡು, ಅಲ್ಲೇ ಒಂದು ಕಲ್ಲಿನ ಹಿಂದ. ನಾ ಬ್ಯಾಟರಿ ಹಿಡಕೊಂಡು ನಿಂತಿದ್ದೆ, ಅಷ್ಟರಾಗ ಆ ಮುಳ್ಳುಕಂಟಿಯೊಳಗ—

ಏನು? ನಿಂತಿದ್ದೆ ಅಂದೆನೇನು? ಅಲ್ಲ... ಮಲಗಿದ್ದೆ. ನಿದ್ದಿ ಹತ್ತಿತ್ತು ನನಗ. ಗಾಢ ನಿದ್ದಿ.

ಶೋಭಾ... ಮಾತಾಡು. ಚೀರು ಬೇಕಾದ್ರ! ನೀರಿನ ಟ್ಯಾಂಕರಿನವರು, ಮನಿ ಮಾಲಕ, ಕರೆಂಟ್ ಕಡಿಯಾಕ ಬರೋ ಲೈನ್‌ಮನ್... ಎಲ್ಲಾರ ಜೋಡಿ ಚೀರಿ ಚೀರಿ ಗೆದ್ದೀನಿ ನಾ. ನೀ ಹಿಂಗ ಸುಮ್ಮನ ಕುಂತ್ರ ನಾ ಏನ ಮಾಡಲಿ?

ಅಕಿ ನಿನಗೇನರೆ ಹೇಳಿದಳೇನು?

ಇಲ್ಲ? ...ನಿನ್ನ ಮುಂದೂ ತನ್ನದೇ ತಪ್ಪು ಅಂದಳೇನು?

ಅಂದಳು... ಹೌದಲ್ಲ?

ಎಮ್ಮಿ ಹಾಲು ಮಾರಿ ಬದುಕು ಕಟ್ಟಿದಾಕಿ ನಾ, ಶೋಭಾ. ಎಮ್ಮಿ ಉಸಿರಿನ ಗುರ್ತು ಸಿಗಲಿಲ್ಲ ನನಗ. ಬುಸ್ ಅಂದಿದ್ದೊಂದೇ ಕೇಳಿಸ್ತು. ಒಳಗ ಜಿಗದೆ. ಜಿಪ್ ಎಳದೆ. ಅಕಿ ಓಡಿ ಬಂದು ಡೇರೆ ಬಡದಳು. ಅಳಲಿಲ್ಲ ಮದಲ... ನಾ ಅಕಿನ್ನ ಪ್ರಾಣಿ ಅಂತ ತಿಳಕೊಂಡೀನೇನೋ ಅಂತ... "ಅತ್ತೀ, ನಾನು, ವರ್ಷಾ" ಅಂದಳು. "ನಾನು ವರ್ಷಾ, ಅತ್ತೀ."

ಗೊತ್ತಿತ್ತು. ವರ್ಷಾ ಅಂತ ಗೊತ್ತಿತ್ತು ನನಗ. ಎರಡೂ ಕೈಲೆ ಜಿಪ್ ಹಿಡಕೊಂಡೇ ಕುಂತಿದ್ದೆ.

ಬೈ. ಒಂದ ಮಾತರೆ ಬೈ ನನಗ...

ಬ್ಯಾಡ, ತಡಿ. ಅಕಿನ್ನ ಎಬ್ಬಸ್ತೀನಿ. ನಿನ್ನೆದುರಿಗೇ ಹೇಳ್ತೀನಿ, ತಪ್ಪು ಅಕಿದಲ್ಲ ಅಂತ, ಎಷ್ಟ ಸಲ ಬೇಕಾದ್ರೂ ಹೇಳ್ತೀನಿ...

ನೀ ಯಾಕ ಎದ್ದಿ?

ಶೋಭಾ... ಬಾಗಲಕ್ಕ ಅಡ್ಡ ಯಾಕ ನಿಂತಿ?