ಬಾಗಿಲ ಮುಂದೆ ಬಿಟ್ಟ ಜಾಗ

ಮದ್ದೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಇಬ್ಬರು ಕೂತಿದ್ದರು. ವಯಸ್ಸಾದವನನ್ನು ಕಿರಿಯವನು ಕೇಳಿದ:

“ನಿಂಗಣ್ಣ, ಅಂಗಳಕ್ಕೆ ಗಾಡಿಗಟ್ಲೆ ಜಲ್ಲಿ ಆಕ್ಸುದ್ಯಂತೆ?”

“ಊ ಕಣ್ಲಾ. ಬಚ್ಚಲ ನೀರು ಅಂಗೇ ಇಂಗೋಯ್ತದೆ. ಕೆಸ್ರೇ ಇಲ್ಲ.”

“ಅತ್ಗೆ ಬ್ಯಾಡ ಅಂತಿತ್ತಲ್ಲ. ಜಲ್ಲಿ ಮ್ಯಾಲೆ ಸಗಣಿ ಸಾರ್ಸದೆಂಗೆ, ರಂಗೋಲಿ ಬುಡದೆಂಗೆ ಅಂತ.”

“ಊ. ಅವ್ಳು ಇರೋಗಂಟ ಒಪ್ಪನಿಲ್ಲ.”

ಕಿರಿಯವನು ಬೀಡಿ ಕೊಟ್ಟ. ನಿಂಗಣ್ಣ ಹಚ್ಚದೆ ಕೈಯಲ್ಲೇ ಹಿಡಿದುಕೊಂಡ.

“ಅಂಗಳ ಪೂರ್ತಿ ಮುಚ್ಬುಟ್ಯಾ?”

“ಬಾಗ್ಲು ಮುಂದೆ ಒಂದ್ ಚಾಪೆಯಗಲ ಬುಟ್ಟಿವ್ನಿ.”

“ಅಲ್ಲಿ ಇನ್ಯಾರಣ್ಣ ರಂಗೋಲಿ ಬುಡೋರು?”

“ಯಾರೂ ಇಲ್ಲ.”

“ಮತ್ತೆ?”

“ವತ್ತಾರೆ ಎದ್ದು ನಾನೇ ನೀರಾಕ್ತೀನಿ. ಬಿಸ್ಲು ಬಂದ್ಮೇಲೆ ಒಣಗ್ತದೆ.”

ಅವರ ಊರಿನ ಬಸ್ಸು ಬಂತು. ಇಬ್ಬರೂ ಎದ್ದು ಹತ್ತಿದರು. ಬೀಡಿ ಬೆಂಚಿನ ಮೇಲೇ ಉಳಿಯಿತು.