ಒಬ್ಬಳ ಬನ್ನು, ಇನ್ನೊಬ್ಬಳ ಕುರ್ಚಿ

ಗಾರ್ಮೆಂಟ್ಸ್ ಕಾರ್ಖಾನೆಯ ಆರೋಗ್ಯ ತಪಾಸಣೆ. ಸಾಲಿನಲ್ಲಿ ನನ್ನ ಮುಂದಿದ್ದ ಕಾಜಾ ಹೊಲಿಯುವವಳು ತೂಕದ ಯಂತ್ರದಿಂದ ಇಳಿದಳು. ಅವಳ ಗೆಳತಿ, ಇಸ್ತ್ರಿ ಮಾಡುವವಳು, ಬನ್ನು ತಿನ್ನುತ್ತಾ ನಿಂತಿದ್ದಳು.

“ರಾತ್ರಿ ಊಟ ಬಿಟ್ಟು ಮೂರು ತಿಂಗಳಾಯ್ತು ಕಣೇ, ಒಂದು ಕೆಜಿನೂ ಇಳಿದಿಲ್ಲ. ನಿಂದು ನೋಡಿದ್ರೆ ಮೂರನೇ ಬನ್ನು!”

“ಕಣ್ಣು ಹಾಕ್ಬೇಡ ಕಣೇ, ಹೊಟ್ಟೆನೋವು ಬರುತ್ತೆ.”

“ತೀರಾ ಕಮ್ಮಿ ತಿಂದ್ರೆ ಮೈಯೂ ಜಿಪುಣ ಆಗುತ್ತಂತೆ, ಕೂಡಿಟ್ಟ ಕೊಬ್ಬನ್ನ ಖರ್ಚೇ ಮಾಡಲ್ವಂತೆ. ಡಾಕ್ಟ್ರು ಹೇಳಿದ್ರು. ಕೂತಲ್ಲೇ ಕೂತಿದ್ರಂತೂ ಕೇಳೋದೇ ಬೇಡ.”

“ನಾನು ದಿನವೆಲ್ಲ ನಿಂತೇ ಇರ್ತೀನಲ್ಲ, ತಿಂದಿದ್ದೆಲ್ಲ ಕರಗುತ್ತೆ.”

“ಪುಣ್ಯವಂತೆ ಬಿಡು. ಒಂದು ತಿಂಗಳು ಜಾಗ ಬದಲಾಯಿಸ್ಕೊಳ್ಳೋಣ್ವಾ?”

ಇಸ್ತ್ರಿಯವಳು ಊದಿದ ಪಾದವನ್ನು ಚಪ್ಪಲಿಯಿಂದ ಹೊರತೆಗೆದಳು.

“ನಿನ್ನ ಕುರ್ಚಿ ನೋಡಿ ಆರು ವರ್ಷದಿಂದ ಹೊಟ್ಟೆ ಉರ್ಕೊಳ್ತಿದೀನಿ. ಈಗ ಕೇಳ್ತೀಯಲ್ಲೇ!”

ಬಿಡುವು ಮುಗಿದ ಗಂಟೆ ಹೊಡೆಯಿತು. ಒಬ್ಬಳು ಕೂರಲು ಹೋದಳು, ಇನ್ನೊಬ್ಬಳು ನಿಲ್ಲಲು.