ಗೋಡೆಗೆ ಹೇಳಿದ್ದು

...ಅದಲ್ಲಮ್ಮ, ಆ ಚೀಲ ಅಲ್ಲ. ನೀಲಿದು. ನೀ-ಲಿ-ದು. ಹಾಂ, ಅದೇ. ಮಂಚದ ಮೇಲೆ ಇಟ್ಕೊಂಡು ತುಂಬು, ತಲೆ ತುಂಬ ಶಾಲು ಹೊದ್ಕೊಂಡು ಬಗ್ಗಬೇಡ. ಸಂಜೆ ನಿನ್ನ ಚಿಕ್ಕ ಮಗಳು ಕಾರು ತಂದು ನಿಲ್ಲಿಸಿದಾಗ ನೀನಿನ್ನೂ ಹೊರಟಿಲ್ಲ ಅಂದ್ರೆ ನನ್ನ ಮೇಲೇ ಹರಿಹಾಯ್ತಾಳೆ. ಅಕ್ಕ ಬೇಕೂಂತ ತಡ ಮಾಡಿದ್ಲು ಅಂತಾಳೆ. ಕಿರುಚ್ತಿದ್ದೀನಿ ಅಂತ ಹಾಗೆ ಮುಖ ಮಾಡಬೇಡ, ಇನ್ನೇನು ಮಾಡಲಿ? ನಿನ್ನ ಕಿವಿ ಮಿಷನ್ ಕಳೆದುಹೋದಾಗಿನಿಂದ ನಾನು ಈ ಮನೆಯಲ್ಲಿ ಮಾತಾಡ್ತಿಲ್ಲ, ತರಕಾರಿ ಮಾರ್ತಿದ್ದೀನಿ.

ಸರಿ, ನೀನು ಬಟ್ಟೆ ನೋಡ್ಕೋ. ನಾನು ಈ ವೈರು ಹೊಡೆದು ಮುಗಿಸ್ತೀನಿ. ಮೆಟ್ಟಿಲಿಂದ ನಮ್ಮ ಬಾಗಿಲ ತನಕ ಬಂದಾಯ್ತು, ಇನ್ನು ಈ ಗೋಡೆ ಹಿಡಿದು ಕಿಟಕಿವರೆಗೆ ಹೋದ್ರೆ ಆಯ್ತು. ಈ ಕಟ್ಟಡದಲ್ಲಿ ಇಂಟರ್ನೆಟ್ಟಿಗೂ ಫೋನಿಗೂ ಪೂರಾ ವೈರಿರೋ ಮೊದಲನೇ ಮನೆ ನಮ್ಮದು. ನಾಳೆ ಎಲ್ಲರನ್ನೂ ಕರೆದು ತೋರಿಸ್ತೀನಿ. ಗಾಳೀಲಿ ಏನೂ ಹಾರಾಡ್ತಿಲ್ಲ, ಆದ್ರೂ ಎಲ್ಲ ನಡೀತಿದೆ, ನೋಡಿ ಅಂತ... ಕೇಳ್ತಾ? ಇಲ್ಲ. ಬಿಡು, ಗೋಡೆಗೇ ಹೇಳ್ಕೋತೀನಿ. ಅದಾದ್ರೂ ಎದುರು ಮಾತಾಡಲ್ಲ.

ನಿನ್ನೆ ಕಟ್ಟಡದವರ ಸಭೆಯಲ್ಲಿ ಆಗಿದ್ದು ನಿನಗೆ ಹೇಳಲೇ ಇಲ್ಲ ನೋಡು. ಹೇಳಿದ್ರೂ ಏನು ಪ್ರಯೋಜನ. ಮೀಸೆ ಅಧ್ಯಕ್ಷರು ಇದ್ದಾರಲ್ಲ, ಕೆಳಗಿನ ಮನೆಯವರು, ಮೀಸೆ ಮೊದಲು ಒಳಗೆ ಬಂದು ಆಮೇಲೆ ಅವರು ಬರ್ತಾರಲ್ಲ, ಅವರು ಛಾವಣಿ ಮೇಲೆ ಆಂಟೆನಾ ಕಂಬ ನಿಲ್ಲಿಸೋಕೆ ಮೊಬೈಲ್ ಕಂಪನಿಯವನನ್ನೇ ಸಭೆಗೆ ಕರೆಸಿದ್ರು. ನಮಗೆ ಹೇಳಿಲ್ಲ, ಕೇಳಿಲ್ಲ. ಟೈ ಕಟ್ಕೊಂಡು ಬಂದಿದ್ದ. ನಾನು ಏನು ಕೇಳಿದ್ರೂ ನಗ್ತಾನೆ. ಒಳ್ಳೇ ಪ್ರಶ್ನೆ ಮೇಡಂ, ಅಂತಾನೆ. ಉತ್ತರ ಇಲ್ಲದವನು ತಾನೇ ಪ್ರಶ್ನೆಗೆ ಸರ್ಟಿಫಿಕೇಟು ಕೊಡೋದು? ಅಷ್ಟು ನಗೋನನ್ನ ನಾನು ನಂಬಲ್ಲ.

ನಾನೇನು ಮೊಬೈಲೆಲ್ಲ ಒಡೆದು ಬಿಸಾಡಿ ಅಂದೆನಾ? ಕೂಸು ಮಲಗೋ ಕೋಣೆಯಲ್ಲಿ ವೈಫೈ ಡಬ್ಬ ಇಡಬೇಡಿ, ಮಲಗೋವಾಗ ಆರಿಸಿ, ಕಂಬದ ಬದಲು ಮನೆಮನೆಗೆ ವೈರು ಎಳೆಸೋಣ, ಅಂದೆ. ಮಳೆಗಾಳಿ ಬಂದ್ರೂ ಲೈನು ಹೋಗಲ್ಲ, ಮಕ್ಕಳ ಪಾಠ ನಡುವೆ ಕಡಿಯಲ್ಲ. ಅಷ್ಟೇ ಅಂದಿದ್ದು. ಹಲ್ಲಿನ ಡಾಕ್ಟರು ಎದ್ದು, ಇದರಿಂದ ಹಾನಿ ಅಂತ ಇದುವರೆಗೆ ಯಾರೂ ಗಟ್ಟಿಯಾಗಿ ತೋರಿಸಿಲ್ಲ ಅಂದ್ರು. ಇರಬಹುದು. ನಾನೂ ತೋರಿಸಿದ್ದೀನಿ ಅನ್ನಲಿಲ್ಲ. ಆದ್ರೆ ವೈರು ಎಳೆದ್ರೆ ನಿಮ್ಮ ಗಂಟೇನು ಹೋಗುತ್ತೆ ಅಂತ ಕೇಳಿದೆ. ಕೂತ್ಕೊಂಡ್ರು. ವೈರು ಬೇಕು ಅನ್ನೋರು ಕೈ ಎತ್ತಿ ಅಂದಾಗ ಮಾತ್ರ... ನನ್ನ ಜೊತೆ ಮನೆಮನೆ ತಿರುಗಿದ ಟೈಲರಮ್ಮನೇ ಕೈ ಎತ್ತಲಿಲ್ಲ. ದಾರ ಪೋಣಿಸ್ತಾ ಕೂತಿದ್ಲು. ಸಭೆಯಲ್ಲಿ ಯಾರಾದ್ರೂ ಸೂಜಿಗೆ ದಾರ ಪೋಣಿಸ್ತಾರಾ? ಅವಳಿಗೆ ಕಂಪನಿಯವನು ಏನೋ ಆಸೆ ತೋರಿಸಿದ್ದಾನೆ. ಪುಕ್ಕಟೆ ಕನೆಕ್ಷನ್ನೋ ಏನೋ.

ಮಕ್ಕಳಂತೂ ಬಿಡು, ನಾನು ತರಂಗ ಅಳೆಯೋ ಮೀಟರು ಹಿಡ್ಕೊಂಡು ಮೆಟ್ಟಿಲು ಹತ್ತಿದ್ರೆ ಸಾಕು, ವೈರಜ್ಜಿ ಬಂದ್ಲು, ವೈರಜ್ಜಿ ಬಂದ್ಲು ಅಂತ ಓಡ್ತಾವೆ. ಮೊನ್ನೆ ಒಬ್ಬ ನನ್ನ ಬಾಗಿಲಿಗೇ ದಾರ ಕಟ್ಟಿ, ಇನ್ನೊಂದು ತುದಿಗೆ ಬೆಂಕಿಪೊಟ್ಟಣ ಕಟ್ಟಿ, ಹಲೋ ಅಜ್ಜಿ ಅಂತಿದ್ದ...

ಯಾಕೆ ನಗ್ತೀಯ? ಏನು, ತಲೆ ಮೇಲೆ ಸುಣ್ಣ ಉದುರಿದೆಯಾ? ಎಲ್ಲಿ... ಇಲ್ವಲ್ಲ. ಏನೋ ನೆನೆಸ್ಕೊಂಡು ನಗ್ತಿದ್ದಾಳೆ. ನಗು, ನಗು. ಮಗಳ ಮನೆಗೆ ಹೋಗೋ ಖುಷಿ.

ಸಭೆ ಮುಗೀತು ಅಂದ್ಕೊಂಡೆ, ಆಗ ಮೀಸೆ ಒಂದು ಮಾತು ಬಿಟ್ರು. ಮೊದಲು ನಿಮ್ಮ ತಾಯಿಯವರ ಕಿವೀಲಿರೋ ವೈರ್‌ಲೆಸ್ಸು ತೆಗೆಸಿ, ಆಮೇಲೆ ಛಾವಣಿ ಮಾತಾಡೋಣ, ಅಂತ. ಎಲ್ಲರೂ ಘೊಳ್ಳಂತ ನಕ್ಕರು. ಕಳೆದುಹೋಗಿದೆ ಅಂದೆ ನಾನು. ಹುಡುಕ್ತಿದ್ದೀವಿ ಅಂದೆ. ನಗು ನಿಂತಿತು. ಆ ಹಲ್ಲಿನ ಡಾಕ್ಟರು ನನ್ನ ಮುಖಾನೇ ನೋಡ್ತಿದ್ರು, ಹುಳುಕು ಹಲ್ಲು ನೋಡೋ ಹಾಗೆ. ಯಾಕೆ ನೋಡಬೇಕು? ಕಳೆದಿದ್ದು ಕಳೆದಿದೆ. ಮಂಚದ ಕೆಳಗೆ, ಹಾಸಿಗೆ ಸುರುಳೀಲಿ, ಕಸದ ಬುಟ್ಟೀಲಿ, ನಿನ್ನೆದುರೇ ಹುಡುಕಿಲ್ವಾ ನಾನು? ಕೆಲಸದಾಕೆಯನ್ನೂ ಕೇಳಿದೆ. ಗುಡಿಸೋವಾಗ ಸಿಕ್ಕಿತ್ತಾ ಅಂದೆ, ಅಷ್ಟೇ. ಕದ್ದೆ ಅಂತ ಅನ್ನಲಿಲ್ಲ. ಅವಳೇ ಹಾಗೆ ಅರ್ಥ ಮಾಡ್ಕೊಂಡ್ರೆ ನಾನೇನು ಮಾಡಲಿ. ಮೂತಿ ಉಬ್ಬಿಸ್ಕೊಂಡೇ ಬರ್ತಾಳೆ, ಮೂತಿ ಉಬ್ಬಿಸ್ಕೊಂಡೇ ಹೋಗ್ತಾಳೆ. ಮನಸ್ಸಲ್ಲಿ ಏನೂ ಇಲ್ಲದವಳು ಅಷ್ಟು ಯಾಕೆ ಉಬ್ಬಿಸ್ಕೋಬೇಕು?

...ಅಮ್ಮ, ಏನು ಮಾಡ್ತಿದ್ದೀಯ? ತುಂಬು ಅಂದ್ರೆ ತೆಗೀತಿದ್ದೀಯಲ್ಲ! ಸ್ವೆಟರು ಬೇಡ್ವಾ? ಬೇರೆ ಬೇಕಾ? ಬೇ-ರೆ ಬೇ-ಕಾ? ತಲೆ ಅಲ್ಲಾಡಿಸಿದ್ರೆ ನನಗೆ ಹೌದು ಅಂತಾನೋ ಅಲ್ಲ ಅಂತಾನೋ? ಆ ಬಟ್ಟೆಗಳು ಅವಳ ಮನೆಗೆ ಸಾಲಲ್ವೇನೋ. ನನ್ನ ಜೊತೆ ಇರೋಕೆ ಸವಕಲು ಸಾಕು, ಅಲ್ಲಿಗೆ ಇಸ್ತ್ರಿ ಮಾಡಿದ್ದೇ ಆಗಬೇಕು. ತೆಗಿ, ಎಲ್ಲ ತೆಗಿ. ನಿನಗೆ ಬೇಕಾದ್ದು ಹಾಕ್ಕೋ. ನಾನು ಮಾತಾಡಲ್ಲ.

ಮಾತಾಡಲ್ಲ ಅಂದ್ರೂ ಬಾಯಿ ಸುಮ್ಮನಿರಲ್ಲ ನನಗೆ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತ ಬಾಯಿ. ಹಲೋ, ನಿಮ್ಮ ನಂಬರು ಬಂದಿದೆ, ಮಾತಾಡಿ... ಹಲೋ, ಸ್ವಲ್ಪ ಜೋರಾಗಿ ಮಾತಾಡಿ... ಊರೂರು ಜೋಡಿಸಿದ ಕೈ ಇದು. ಲೈನು ಕೊಟ್ಟ ಮೇಲೆ ಆ ಕಡೆಯವರಿಗೂ ಈ ಕಡೆಯವರಿಗೂ ಕೇಳಿಸ್ತಿದೆಯಾ ಅಂತ ಒಂದು ಗಳಿಗೆ ಕಿವಿ ಇಡಬೇಕು. ಕೇಳಿಸ್ತಿದೆ ಅಂದ ತಕ್ಷಣ ನಾವು ಹೊರಗೆ ಬಂದುಬಿಡಬೇಕು. ಅದು ನಿಯಮ. ಬರದೆ ಕೂತು ಗಂಡ ಹೆಂಡತಿ ಜಗಳ ಕೇಳ್ಕೊಂಡು ನಗ್ತಿದ್ದವರಿದ್ರು. ನಾನು ಒಂದು ದಿನಾನೂ ಹಾಗೆ ಕೂತಿಲ್ಲ. ಎದೆ ಮುಟ್ಕೊಂಡು ಹೇಳ್ತೀನಿ. ಅಲ್ಲಿ ಕೂತಿಲ್ಲ.

ಮನೇಲಿ ಕೂತೆ.

ನಿನಗೆ ಕೇಳೋ ಹಾಗಿದ್ರೆ ಹೇಳ್ತಿರಲಿಲ್ಲ, ಕೇಳಲ್ಲ ಅಂತಲೇ ಹೇಳ್ತಿದ್ದೀನಿ. ಹಾಲಲ್ಲಿದ್ದ ಫೋನಿಗೆ ನನ್ನ ಕೋಣೆಯಲ್ಲಿ ಅದೇ ಲೈನಿನ ಇನ್ನೊಂದು ಪ್ಯಾರಲಲ್ ಫೋನು ಹಾಕಿಸ್ಕೊಂಡಿದ್ದೆನಲ್ಲ, ನಿನ್ನ ಚಿಕ್ಕ ಮಗಳು ಮಧ್ಯಾಹ್ನ ಫೋನು ಮಾಡಿದಾಗೆಲ್ಲ ಅದನ್ನ ಎತ್ಕೋತಿದ್ದೆ. ಬಾಯಿಗೆ ಟವೆಲು ಅಡ್ಡ ಹಿಡ್ಕೊಂಡು. ಉಸಿರು ಕೂಡ ಕೇಳಿಸಬಾರದು, ಅದು ನಮಗೆ ಕೆಲಸ ಕಲಿಸಿದ ವಿದ್ಯೆ. ಆಗ ನಿನ್ನ ಕಿವಿ ಇಷ್ಟು ಮಂದ ಇರಲಿಲ್ಲ. ಅವಳು ನಿನಗೆ ಕಿಟಕಿ ದೊಡ್ಡದಿರೋ ಕೋಣೆ ಬಿಡಿಸಿದ್ದು, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಕಂಬಿ ಹಾಕಿಸಿದ್ದು ನನಗೆಲ್ಲ ಗೊತ್ತು. ಅಕ್ಕನಿಗೆ ಯಾರೂ ಬೇಡಮ್ಮ, ಅವಳಿಗೆ ಜಗಳ ಆಡೋಕೆ ಒಂದು ಕಟ್ಟಡ ಇದೆ, ಅಂದಿದ್ದೂ ಗೊತ್ತು. ನಾನು ಕಾದೆ, ಟವೆಲು ಕಚ್ಚಿ ಹಿಡ್ಕೊಂಡು ಕಾದೆ. ಇಲ್ಲ ಕಣೇ ಅಂತಾದ್ರೂ ಅಂತೀಯೇನೋ ಅಂತ. ನೀನು ಅವಳ ಮನೆ ಕೂಸಿಗೆ ಜ್ವರ ಬಿಡ್ತಾ ಅಂತ ಕೇಳಿದೆ.

ಆಮೇಲೆ ಅವಳು ಆ ಮಿಷನ್ನು ತಂದ್ಲು. ಮೊಬೈಲು ಮಡಿಲಲ್ಲಿ, ಅವಳ ಮಾತು ವೈರಿಲ್ಲದೆ ನೆಟ್ಟಗೆ ನಿನ್ನ ಕಿವಿ ಒಳಗೆ. ನೀನು ಬಾಲ್ಕನಿಯಲ್ಲಿ ಕೂತು ಹೂಕುಂಡಕ್ಕೆ ನಗ್ತಿದ್ದೆ. ಪಕ್ಕದಲ್ಲೇ ನಾನು ಬಟಾಣಿ ಸುಲೀತಾ ಕೂತಿದ್ದೀನಿ, ನನಗೆ ನಿನ್ನ ಅರ್ಧ ಮಾತ್ರ. ಹೂಂ... ಹೌದಾ... ಪಾಪ... ಅವಳಿಗೆ ಹೇಳಬೇಡ. ಅವಳು ಅಂದ್ರೆ ಯಾರು? ನಾನಲ್ದೆ ಇನ್ಯಾರು? ಏನು ಹೇಳಬಾರದು ನನಗೆ? ನನ್ನ ಅಡುಗೆ ಉಂಡು, ನನ್ನ ಕೈಲಿ ಉಗುರು ಕತ್ತರಿಸಿಸ್ಕೊಂಡು, ನನಗೆ ಹೇಳಬಾರದ್ದು ಏನಿತ್ತಮ್ಮ ನಿನಗೆ?

ವೈರಿದ್ರೆ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಹೋಯ್ತು ಅಂತ ಕೈಯಲ್ಲಿ ಮುಟ್ಟಿ ನೋಡಬಹುದು. ಇದರ ಇನ್ನೊಂದು ತುದಿ ನನ್ನ ಕೋಣೆಗೆ ಒಯ್ತೀನಿ. ಒಯ್ದು ಏನು ಮಾಡ್ತೀನೋ, ನೀನೇ ಇಲ್ಲದ ಮೇಲೆ. ಅಲ್ಲಿಗೆ ಹೋದವಳು ನೀನು ತಿರುಗಿ ಬರಲ್ಲ, ನನಗೆ ಗೊತ್ತು. ಸ್ವಲ್ಪ ದಿನ ಅಂತಾರೆ, ಚಳಿ ಕಳೀಲಿ ಅಂತಾರೆ. ಸಂಜೆ ಈ ಮಂಚ ಖಾಲಿ. ಆ ಕೂಸುಗಳ ಮಂಚ, ಛಾವಣಿ, ಕಂಬ... ಊರನ್ನೆಲ್ಲ ಹೆದರಿಸಿದೆ. ನನಗೆ ನಿಜವಾಗಿ ಹೆದರಿಕೆ ಇದ್ದಿದ್ದು ಇದೊಂದೇ.

ಆಯ್ತು. ಕೊನೇ ಕ್ಲಿಪ್ಪು. ಅಮ್ಮ, ಕಾಫಿ ಕು... ಏನದು? ಆಗ ಎಲ್ಲ ಹೊರಗೆ ತೆಗೆದಿಟ್ಟಿದ್ದೆಯಲ್ಲ, ಈಗ ಯಾಕೆ ಮತ್ತೆ ತುಂಬ್ತಿದ್ದೀಯ? ಸ್ವೆಟರೂ ಹಾಕಿದ್ಯಾ? ನಿಧಾನ. ಇಲ್ಲಿ ನೋಡು... ಯಾಕಮ್ಮ ಅಳ್ತಿದ್ದೀಯ? ನಾನೇನಂದೆ? ನಾನು ಗೋಡೆ ಕಡೆ ತಿರುಗಿ, ಬಾಯೊಳಗೇ...

ತಾಳು.

ಆ ಮಿಷನ್ ಹೋದಾಗಿನಿಂದ ನೀನು ಪ್ರತಿ ಮಾತಿಗೂ "ಆಂ? ಏನಂದೆ?" ಅಂತಿದ್ದೆ. ಉಪ್ಪು ಬೇಕಾ ಅಂದ್ರೂ ಆಂ, ದೀಪ ಆರಿಸ್ಲಾ ಅಂದ್ರೂ ಆಂ. ನನ್ನ ತಲೆ ಚಿಟ್ಟು ಹಿಡಿದುಹೋಗಿತ್ತು. ಇವತ್ತು... ಇಷ್ಟು ಹೊತ್ತು ನಾನು ಮಾತಾಡಿದೆ. ನೀನು ಒಂದು ಸಲವೂ ಆಂ ಅನ್ನಲಿಲ್ಲ.

ಶಾಲು ತೆಗಿ. ಕಿವಿ ಮೇಲಿಂದ ಶಾಲು ಸರಿಸಮ್ಮ.

...ಮಿಷನ್ ಕಿವೀಲೇ ಇದೆ. ಯಾವಾಗಿಂದ? ಬೆಳಗ್ಗೆಯಿಂದಾನಾ? ಕೆಲಸದಾಕೆ ತಲೆ ಬಾಚ್ತೀನಿ ಅಂತ ಬಾಗಿಲು ಮುಚ್ಚಿದ್ದು ಇದಕ್ಕಾ? ಅವಳಿಗೆ ಹೇಗೆ ಸಿಕ್ತು? ನನ್ನ ಕಪಾಟಿನ ಮೇಲಿರೋ ಹಳೇ ಪ್ಯಾರಲಲ್ ಫೋನು ಬಿಚ್ಚೋಕೆ ಅವಳಿಗೆ ಹೇಳಿದ್ಯಾರು? ಒರೆಸೋವಾಗ ಒಳಗೆ ಗಲಗಲ ಅಂತಾ? ಹತ್ತಿ ಸುತ್ತಿ ಇಟ್ಟಿದ್ದೆ ನಾನು, ಸದ್ದಾಗಬಾರದು ಅಂತ ಹತ್ತಿ...

ಇಲ್ಲ. ಹಾಗಲ್ಲ ನಾನು ಹೇಳಿದ್ದು.

ಏನಾದ್ರೂ ಅನ್ನಮ್ಮ. ಬೈಯಿ. ಕೆಲಸದಾಕೆಯ ಕಾಲು ಹಿಡಿ ಅಂದ್ರೆ ಹಿಡೀತೀನಿ. ಆಗ ಬಟ್ಟೆ ತೆಗೀತಿದ್ದೆಯಲ್ಲ, ಒಂದೊಂದೇ, ಮಂಚದ ಮೇಲೆ... ಅದು ಬೇರೆ ಬಟ್ಟೆಗಲ್ಲ, ಅಲ್ವಾ? ನಾನು ಬೇರೆ ಬೇಕಾ ಅಂದೆ, ನೀನು ತಲೆ ಅಲ್ಲಾಡಿಸಿದೆ. ಹೋಗಲ್ಲ ಅಂತ ತೆಗೀತಿದ್ದೆಯಾ? ಇಲ್ಲೇ ಇರ್ತೀನಿ ಅಂತ? ಆಮೇಲೆ ನಾನು ಆ ಟವೆಲಿನ ಮಾತು...

ಚೀಲ ಮುಚ್ಚಬೇಡ. ಜಿಪ್ಪು ಎಳೀಬೇಡಮ್ಮ, ಅವಳು ಬರೋಕೆ ಇನ್ನೂ ಹೊತ್ತಿದೆ. ಇಗೋ, ನಿನ್ನ ಎದುರಿಗೇ ಕೂತ್ಕೋತೀನಿ, ನಿನ್ನ ಮುಖಾನೇ ನೋಡ್ತೀನಿ. ಒಂದೇ ಒಂದು ಸಲ ಆಂ ಅನ್ನು. ಏನಂದೆ ಅಂತ ಕೇಳು. ನನಗೇನೂ ಕೇಳಿಸಲಿಲ್ಲ ಅನ್ನಮ್ಮ.